ಬ್ಯಾಕ್ಟೀರಿಯದ ಕಾವಲು ಕಿಣ್ವಗಳು

ಮನುಷ್ಯನಂತೆ ಬ್ಯಾಕ್ಟೀರಿಯಗಳಿಗೂ ವೈರಸ್ಸುಗಳ ಬಾಧೆಯುಂಟು. ಇಂತಹ ವೈರಸ್ಸಿಗೆ ಫೇಜ್ ಎಂದು ಹೆಸರು.

1953ರಲ್ಲಿ ಬರ್ಟಾನಿ ಮತ್ತು ವೈಗಲ್ ಎಂಬ ವಿಜ್ಞಾನಿಗಳು ಒಂದು ವಿಚಿತ್ರವನ್ನು ಕಂಡರು. ಎಷರೀಷಿಯ ಕೋಲೈ ಬ್ಯಾಕ್ಟೀರಿಯದ ‘ಸಿ’ ತಳಿಯಲ್ಲಿ ಬೆಳೆದ ಲ್ಯಾಂಬ್ಡ ಫೇಜುಗಳ ಪೈಕಿ, ಹತ್ತು ಸಾವಿರಕ್ಕೆ ಒಂದೆರಡು ಮಾತ್ರ ‘ಕೆ’ ತಳಿಯಲ್ಲಿ ವೃದ್ಧಿಯಾದವು. ಆದರೆ ಹಾಗೆ ಬದುಕಿದವುಗಳ ಸಂತತಿಗೆ ‘ಕೆ’ ತಳಿಯಲ್ಲಿ ಯಾವ ಅಡ್ಡಿಯೂ ಉಂಟಾಗಲಿಲ್ಲ!

ಇದರ ಮರ್ಮವು ಡಿ.ಎನ್.ಎ.ಯಲ್ಲಿಯೇ ಅಡಗಿದೆಯೆಂದು 1962ರಲ್ಲಿ ಆರ್ಬರ್ ಮತ್ತು ದ್ಯೂಸ್ವಾ ತೋರಿಸಿದರು. ‘ಕೆ’ ತಳಿಯ ಕಿಣ್ವವು ಒಳನುಗ್ಗಿದ ಪರಕೀಯ ಡಿ.ಎನ್.ಎ.ಯನ್ನು ತುಂಡರಿಸುತ್ತದೆ. ಹಾಗಾದರೆ ಕೋಶದ ಸ್ವಂತ ಡಿ.ಎನ್.ಎ. ಉಳಿಯುವುದೆಂತು? ಅದರ ನಿರ್ದಿಷ್ಟ ತಾಣಗಳಿಗೆ ಮೀಥೈಲ್ ಗುಂಪಿನ ರಕ್ಷಾಮುದ್ರೆ ಬಿದ್ದಿರುತ್ತದೆ. ತುಂಡಾಗುವ ಮೊದಲೇ ಈ ಮುದ್ರೆಯನ್ನು ಪಡೆದ ಅಪರೂಪದ ಫೇಜು ಬದುಕುತ್ತದೆ. ಅದರ ಸಂತತಿಗೂ ಅಲ್ಲಿ ಅದೇ ಮುದ್ರೆ ದೊರೆಯುತ್ತದೆ.

ಈ ವರ್ಗದ ಕಿಣ್ವಗಳು ಮುಂದೆ ಜೀನುಗಳನ್ನು ಕತ್ತರಿಸುವ ಉಪಕರಣಗಳಾದವು. 1978ರಲ್ಲಿ ಆರ್ಬರ್, ನೇಥನ್ಸ್, ಸ್ಮಿತ್ ಇವರಿಗೆ ನೊಬೆಲ್ ಪಾರಿತೋಷಕ ಸಂದಿತು.