ಪರಂಗಿಮಲೈಗೆ ಹೈದರ್ ಬಂದಿದ್ದ

1769ರ ಮಾರ್ಚ್ ಕೊನೆ. ಈಸ್ಟ್ ಇಂಡಿಯಾ ಕಂಪನಿಯ ಕರ್ನಲ್ ಸ್ಮಿತ್‌ನನ್ನು ದಕ್ಷಿಣದ ಬಯಲಿನಲ್ಲಿ ಅಲೆದಾಡಿಸಿದ್ದ ಹೈದರಾಲಿ, ತೋಪುಗಳನ್ನೂ ಕಾಲಾಳು ಪಡೆಯನ್ನೂ ಮೈಸೂರಿನ ಕಡೆಗೆ ಕಳಿಸಿ, ಆರಿಸಿ ತೆಗೆದ 6,000 ಸವಾರರೊಂದಿಗೆ ಥಟ್ಟನೆ ತಿರುಗಿದ. ಮೂರೂವರೆ ದಿನದಲ್ಲಿ 130 ಮೈಲಿ! ಮದ್ರಾಸ್ ಕೋಟೆಯವರಿಗೆ ಸುದ್ದಿ ಮುಟ್ಟುವ ಹೊತ್ತಿಗೆ ಮೈಸೂರಿನ ಕುದುರೆಗಳು ಊರಂಚಿನ ಪರಂಗಿಮಲೈ ತಲುಪಿಯಾಗಿತ್ತು.

ಇಂದು ಇಲ್ಲಿ ಮೆಟ್ರೊ, ಲೋಕಲ್ ರೈಲು ಎರಡೂ ನಿಲ್ಲುತ್ತವೆ. 300 ಅಡಿಯ ಗುಡ್ಡ. ನೆತ್ತಿಯಲ್ಲಿ ಪೋರ್ಚುಗೀಸರ ಕಾಲದ ಇಗರ್ಜಿ, ಒಳಗೆ ಪಹ್ಲವಿ ಲಿಪಿ ಕೊರೆದ ಕಲ್ಲಿನ ಶಿಲುಬೆ. ಮೊಗಲರ ಕಥೆ ಬರೆದ ವೆನಿಸ್‌ನ ಮನೂಚಿ ಮುಪ್ಪಿನ ದಿನಗಳನ್ನು ಈ ಸೀಮೆಯಲ್ಲೇ ಕಳೆದ. ಗುಡ್ಡಕ್ಕೆ ಮೆಟ್ಟಿಲು ಕಟ್ಟಿಸಿದವನು ಆರ್ಮೇನಿಯದ ವರ್ತಕ ಪೆಟ್ರಸ್ ಉಸ್ಕಾನ್. 1726ರಲ್ಲಿ ಅಡ್ಯಾರ್ ನದಿಗೆ ಸೇತುವೆ ಹಾಕಿಸಿದವನೂ ಅವನೇ. ಕೋಟೆಯಿಂದ ದಾರಿ ಸಲೀಸಾದ ಮೇಲೆ ಕಂಪನಿಯ ಸಾಹೇಬರು ಗುಡ್ಡದ ಸುತ್ತ ತೋಟದ ಮನೆ ಮಾಡಿಕೊಂಡರು. ಹೈದರ್ ಬಂದು ನಿಂತದ್ದು ಇಂಥ ಜಾಗಕ್ಕೆ.

ಅವನು ಊರು ಸುಡಲಿಲ್ಲ, ಕೋಟೆಗೆ ಮುತ್ತಿಗೆ ಹಾಕಲಿಲ್ಲ. ಮಾತುಕತೆಗೆ ಕೌನ್ಸಿಲ್ ಸದಸ್ಯ ಡ್ಯೂಪ್ರೆಯೇ ಬರಬೇಕೆಂದ. ಬೆನ್ನಟ್ಟಿ ಬರುತ್ತಿದ್ದ ಸ್ಮಿತ್ ಇದ್ದಲ್ಲೇ ನಿಲ್ಲಬೇಕೆಂದ. ಗವರ್ನರ್ ಬೂರ್ಶಿಯೇ ಒಪ್ಪಿದ. ಏಪ್ರಿಲ್ ಮೊದಲ ವಾರವೇ ಒಪ್ಪಂದ ಮುಗಿಯಿತು: ಗೆದ್ದ ನೆಲ ಹಿಂದಕ್ಕೆ, ಸೆರೆಯಾಳುಗಳ ಬಿಡುಗಡೆ, ಹೊರಗಿನವರು ಮೇಲೆ ಬಿದ್ದರೆ ಒಬ್ಬರಿಗೊಬ್ಬರ ನೆರವು. ಕಂಪನಿಯ ಬಾಗಿಲಿಗೇ ಹೋಗಿ ಷರತ್ತು ಹಾಕಿಬಂದ ಈ ಪ್ರಸಂಗಕ್ಕೆ ನಮ್ಮ ಶಾಲಾ ಪಠ್ಯ ಒಂದು ಸಾಲು ಕೊಟ್ಟು ಮುಂದೆ ಹೋಗುತ್ತದೆಂಬುದು ನನಗೆ ಬೇಸರದ ಸಂಗತಿ.

1802ರ ಏಪ್ರಿಲ್ 10ರಂದು ಇದೇ ಗುಡ್ಡದ ಬುಡದಿಂದ ಭಾರತದ ಮಹಾ ಭೂಮಾಪನ ಶುರುಮಾಡಿದವನು ವಿಲಿಯಂ ಲ್ಯಾಂಬ್ಟನ್. ಅದಕ್ಕೆ ಮೂರು ವರ್ಷ ಹಿಂದೆ ಶ್ರೀರಂಗಪಟ್ಟಣದ ಮೇಲೆ ಬಂದ ದಂಡಿನಲ್ಲಿ ಅವನೂ ಇದ್ದ. ಅವನ ಅಳತೆಯ ಸರಪಳಿ ಬೆಂಗಳೂರು ದಾಟಿ ಮಂಗಳೂರಿನವರೆಗೂ ಹೋಯಿತು. ಅವನ ಪ್ರತಿಮೆ ಗುಡ್ಡದ ಮೇಲಿದೆ, ಇರಲೇಬೇಕು. ಹೈದರನ ಹೆಸರಿಗೆ ಒಂದು ಫಲಕವಾದರೂ ಬೇಡವೇ?

1769ರ ಆ ಒಪ್ಪಂದ ಬಾಳಲಿಲ್ಲ. ಮರಾಠರು ಮೈಸೂರಿನ ಮೇಲೆ ಬಿದ್ದಾಗ ಕಂಪನಿ ಕೊಟ್ಟ ಮಾತಿಗೆ ನಡೆಯಲಿಲ್ಲ. ಹೈದರ್ ಅದನ್ನು ಮರೆಯಲೂ ಇಲ್ಲ. 1780ರಲ್ಲಿ ಅವನು ಘಾಟಿ ಇಳಿದಾಗ ಜನರಲ್ ಮನ್ರೋ ದಂಡು ಕೂಡಿಸಿದ್ದು ಪರಂಗಿಮಲೈಯಲ್ಲೇ. ಮನ್ರೋವನ್ನು ಸೇರಿಕೊಳ್ಳಲು ಬರುತ್ತಿದ್ದ ಕರ್ನಲ್ ಬೈಲಿಯ ಪಡೆ ಸೆಪ್ಟೆಂಬರ್ 10ರಂದು ಕಂಚಿಯ ಹತ್ತಿರ ಪೊಳ್ಳಿಲೂರಿನಲ್ಲಿ ನಾಶವಾಯಿತು. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಚಿತ್ರದಲ್ಲಿ ಪಲ್ಲಕ್ಕಿಯಲ್ಲಿ ಕುಳಿತಿರುವ ಸಾಹೇಬ ಈ ಬೈಲಿಯೇ.