ಹೇಮಾವತಿಯ ಹಿನ್ನೀರಿನ ಏರಿಳಿತಗಳೂ ದಂಡೆಯ ಗ್ರಾಮಗಳ ಜಾಗರೂಕತೆಯೂ

ಘಟ್ಟದ ಅಂಚಿನಲ್ಲಿರುವ ಸಕಲೇಶಪುರ ತಾಲ್ಲೂಕಿಗಾಗಲಿ ಅದರ ಮೂಡಣ ಮಗ್ಗುಲಿನ ಆಲೂರು ತಾಲ್ಲೂಕಿಗಾಗಲಿ ಪ್ರಕೃತಿಯು ದೊಡ್ಡ ಸರೋವರವನ್ನು ಕೊಟ್ಟಿರಲಿಲ್ಲ. ಕಣಿವೆಗೊಂದರಂತೆ ಹಿರಿಯರು ಕಟ್ಟಿಸಿದ ಕೆರೆಗಳು, ಅವುಗಳ ಕೆಳಗೆ ಗದ್ದೆಗಳು, ಗದ್ದೆಗಳ ತುದಿಯಲ್ಲಿ ಹಳ್ಳ, ಹಳ್ಳಗಳೆಲ್ಲವೂ ಹೋಗಿ ಸೇರುವ ಹೇಮಾವತಿ, ಇಷ್ಟೇ ಈ ಸೀಮೆಯ ಜಲಸಂಪತ್ತಾಗಿತ್ತು. 1979ನೇ ಇಸವಿಯಲ್ಲಿ ಗೊರೂರಿನ ಬಳಿ ಅಣೆಕಟ್ಟು ಪೂರೈಸಿದ ತರುವಾಯ ಸುಮಾರು 21 ಸಾವಿರ ಎಕರೆ ವಿಸ್ತಾರದ ಸರೋವರವೊಂದು ಬಂದು ನೆಲಸಿತು. ಇದರ ಪೂರ್ಣಮಟ್ಟವು ಸಮುದ್ರಮಟ್ಟಕ್ಕಿಂತ 2922 ಅಡಿ. ತುಂಬಿದಾಗ ಹಿಡಿಯುವ ನೀರು 37 ಟಿ.ಎಂ.ಸಿ., ಎಂದರೆ 3700 ಕೋಟಿ ಘನ ಅಡಿಗಳಿಗೆ ತುಸು ಮೇಲ್ಪಟ್ಟದ್ದು. ಎಷ್ಟೋ ಗ್ರಾಮಗಳು ಮುಳುಗಿ, ಅಲ್ಲಿನ ಒಕ್ಕಲುಗಳು ಬೇರೆಡೆಗೆ ಹೋಗಬೇಕಾಯಿತು. 1860ರ ಸುಮಾರಿಗೆ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಶೆಟ್ಟಿಹಳ್ಳಿಯ ಇಗರ್ಜಿಯು ಮಳೆಗಾಲದಲ್ಲಿ ಅರ್ಧ ಮುಳುಗಿಯೂ ಬೇಸಗೆಯಲ್ಲಿ ಬಯಲಿನ ನಡುವೆಯೂ ನಿಲ್ಲುವುದನ್ನು ನೋಡಲು ದೂರದೂರದಿಂದ ಜನರು ಬರುತ್ತಾರೆ. ನೋಡಲು ಬಂದವರಿಗೆ ಅದು ಸೊಗಸು. ದಂಡೆಯಲ್ಲಿ ಗದ್ದೆ ಮಾಡುವವನಿಗೆ ಅದೇ ಏರಿಳಿತವು ಜೀವನೋಪಾಯದ ಪ್ರಶ್ನೆ.

ಪ್ರಕೃತಿಸಿದ್ಧವಾದ ಸರೋವರಗಳ ಮಟ್ಟವೂ ಬದಲಾಗುತ್ತದೆ. ಆಫ್ರಿಕಾ ಖಂಡದ ವಿಕ್ಟೋರಿಯಾ ಸರೋವರವು 1961ರಿಂದ 1964ರವರೆಗೆ ಅತಿವೃಷ್ಟಿಯಿಂದ ಎರಡು ಮೀಟರಿಗೂ ಹೆಚ್ಚಾಗಿ ಏರಿತು. 2020ರಲ್ಲಿ ಪುನಃ ಏರಿ ದಂಡೆಯ ಮನೆಗಳನ್ನೂ ಹೊಲಗಳನ್ನೂ ಮುಳುಗಿಸಿತು. ಆದರೆ ಅಲ್ಲಿ ಹಲವು ವರ್ಷಗಳಲ್ಲಿ ಆಗುವ ಬದಲಾವಣೆಗಿಂತ ಹೆಚ್ಚಿನದು ಕಟ್ಟೆಯ ಹಿಂದಿನ ಸರೋವರದಲ್ಲಿ ಒಂದೇ ವರ್ಷದೊಳಗೆ ಆಗಿಹೋಗುತ್ತದೆ. ಮೃಗಶಿರ, ಆರಿದ್ರಾ ಮಳೆಗಳಿಗೆ ಹೊಳೆಯು ಕೆಂಪಾಗಿ, ಪುನರ್ವಸು ಮತ್ತು ಪುಷ್ಯ ಮಳೆಗಳಿಗೆ ಹಿನ್ನೀರು ಏರುತ್ತ ಬಂದು, ಒಳ್ಳೆಯ ವರ್ಷಗಳಲ್ಲಿ ಆಶ್ಲೇಷಾ ಮಳೆಯೊಳಗಾಗಿ ಕಟ್ಟೆ ತುಂಬುವುದುಂಟು. ಬಳಿಕ ಎಡದಂಡೆ, ಬಲದಂಡೆ ನಾಲೆಗಳಿಗೂ ಹೊಳೆಗೂ ನೀರು ಬಿಡುತ್ತಾ ಬಂದಂತೆ ಮಟ್ಟವು ಹತ್ತಾರು ಅಡಿ ಇಳಿದು, ಬೇಸಗೆಯ ವೇಳೆಗೆ ವಿಸ್ತಾರವಾದ ನೆಲವು ಬಯಲಾಗುತ್ತದೆ. ಮಳೆಯು ಕೈಕೊಟ್ಟ ವರ್ಷ ಈ ಕ್ರಮವೇ ತಪ್ಪುತ್ತದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಬೇಕಾಯಿತು. ಮರುವರ್ಷ 2024ರ ಜುಲೈ ಮಾಹೆಯಲ್ಲಿ ಇದೇ ಸೀಮೆಯಲ್ಲಿ ಮಳೆಯು ಮಿತಿಮೀರಿ ಸುರಿದು, ಶಿರಾಡಿ ಘಟ್ಟದ ಹೆದ್ದಾರಿಯ ಮೇಲೆ ದೊಡ್ಡತಪ್ಪಲೆಯ ಬಳಿ ಗುಡ್ಡ ಜರಿಯಿತು. ಯಡಕುಮರಿ, ಕಡಗರವಳ್ಳಿಗಳ ನಡುವೆ ರೈಲುದಾರಿಯ ಕೆಳಗಿನ ಮಣ್ಣು ಕೊಚ್ಚಿಹೋಗಿ ರೈಲುಗಳು ನಿಂತವು. ಒಂದು ವರ್ಷದ ಅನುಭವವನ್ನು ಮರುವರ್ಷಕ್ಕೆ ಅಳತೆಗೋಲಾಗಿ ಹಿಡಿಯಲು ಬಾರದೆಂಬುದಕ್ಕೆ ಈ ಎರಡು ವರ್ಷಗಳೇ ಸಾಕು.

ಹಿನ್ನೀರಿನ ಗ್ರಾಮಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತೊಂದುಂಟು: “ಕಟ್ಟೆಯಲ್ಲಿ ಇನ್ನೂ ಎರಡು ಅಡಿ ಬಾಕಿಯಿದೆಯಂತೆ, ನಮ್ಮ ಗದ್ದೆಗೆ ನೀರು ಬರುವುದಿಲ್ಲ” ಎಂದು. ಈ ಲೆಕ್ಕವು ಸರಿಯಲ್ಲ. ಕಟ್ಟೆಯ ಬಳಿ ಅಳೆದ ಮಟ್ಟವು ಕಟ್ಟೆಯ ಬಳಿಯ ಮಟ್ಟವೇ ಹೊರತು, ಮೈಲಿಗಟ್ಟಲೆ ಮೇಲಿರುವ ಹಿನ್ನೀರಿನ ತುದಿಯ ಮಟ್ಟವಲ್ಲ. ಹೊಳೆಯು ಮಹಾಪೂರದಿಂದ ಇಳಿದು ಬಂದು, ತುಂಬಿ ನಿಂತ ನೀರನ್ನು ಮುಟ್ಟಿದೊಡನೆ ಅದರ ವೇಗ ಕುಗ್ಗುತ್ತದೆ. ಹಿಂದಿನಿಂದ ಬರುವ ನೀರು ನಿಲ್ಲದು. ಮುಂದಿನ ನೀರು ಬೇಗ ಸರಿಯದು. ಸಂತೆಯ ದಿನ ಓಣಿಯ ಬಾಯಿಯಲ್ಲಿ ಗಾಡಿಗಳು ಒಂದರ ಹಿಂದೊಂದು ಸೇರಿಕೊಳ್ಳುವಂತೆ, ಅಲ್ಲಿ ನೀರು ಸೇರಿಕೊಂಡು ಕಟ್ಟೆಯ ಪೂರ್ಣಮಟ್ಟಕ್ಕಿಂತಲೂ ಮೇಲಕ್ಕೆ ಉಬ್ಬುತ್ತದೆ. ವೇಗವು ಕುಗ್ಗಿದಲ್ಲಿಯೇ ಹೂಳು ಕುಳಿತುಕೊಳ್ಳುವುದರಿಂದ, ವರ್ಷದಿಂದ ವರ್ಷಕ್ಕೆ ಹಿನ್ನೀರಿನ ತುದಿಯಲ್ಲಿ ಹೊಳೆಯ ತಳವೇ ಏರುತ್ತದೆ. ಹತ್ತು ವರ್ಷಗಳ ಕೆಳಗೆ ಒಂದು ಪ್ರಮಾಣದ ಪ್ರವಾಹವು ಮುಟ್ಟದೆ ಹೋದ ಗದ್ದೆಯನ್ನು ಅದೇ ಪ್ರಮಾಣದ ಪ್ರವಾಹವು ಇಂದು ಮುಟ್ಟಿದರೆ ಆಶ್ಚರ್ಯವಿಲ್ಲ. ಇದರ ಮೇಲೆ, ಹೊಳೆಗೆ ಸೇರುವ ಹಳ್ಳಗಳ ಬಾಯಿಯನ್ನು ಹಿನ್ನೀರು ಮುಚ್ಚಿದಾಗ ಹಳ್ಳದ ನೀರಿಗೆ ಹೋಗಲು ದಾರಿಯಿಲ್ಲದೆ, ಹೊಳೆಯಿಂದ ದೂರವಿರುವ ಹಡ್ಲು ಗದ್ದೆಗಳೂ ನಿಂತ ನೀರಿನಲ್ಲಿ ಕೊಳೆಯುತ್ತವೆ.

ಹಾಗೆಂದು ಕೇಡಿಗೆಲ್ಲ ಕಟ್ಟೆಯನ್ನೇ ಕಾರಣವೆಂದು ಹೇಳುವುದೂ ನ್ಯಾಯವಲ್ಲ. 1924ರ ಜುಲೈ ಮಾಹೆಯಲ್ಲಿ ಕಾವೇರಿ ಸೀಮೆಯನ್ನೆಲ್ಲ ತತ್ತರಿಸಿದ ಮಹಾಪೂರವು ಬಂದಾಗ ಗೊರೂರಿನಲ್ಲಿ ಕಟ್ಟೆಯಿರಲಿಲ್ಲ. 2019ರ ಆಗಸ್ಟಿನಲ್ಲಿ ಸಕಲೇಶಪುರದ ಹೊಳೆಮಲ್ಲೇಶ್ವರ ದೇವಾಲಯವನ್ನು ಮುಳುಗಿಸಿದ್ದು ಘಟ್ಟದ ಮೇಲೆ ಸುರಿದ ಮಳೆಯೇ. ಊರಿನ ಗದ್ದೆಗೆ ಬರುವ ನೀರು ಹಿನ್ನೀರೋ, ಹೊಳೆಯ ಪೂರವೋ, ಹಳ್ಳದ ತಡೆಯೋ ಎಂಬುದನ್ನು ಮುಖಂಡರು ಬೇರೆಬೇರೆಯಾಗಿ ತಿಳಿದುಕೊಂಡಿರಬೇಕು. ಏಕೆಂದರೆ ಮೂರಕ್ಕೂ ಉಪಾಯ ಬೇರೆ. ಹಳ್ಳದ ತಡೆಯಾದರೆ ಬಸಿಗಾಲುವೆಯನ್ನು ತೋಡಿ ಗಿಡಗಂಟಿಗಳನ್ನು ತೆಗೆಸುವುದರಿಂದ ಬಹುಮಟ್ಟಿಗೆ ಪರಿಹಾರವಾದೀತು. ಹಿನ್ನೀರಾದರೆ ಕಾಲುವೆ ತೋಡಿದಷ್ಟೂ ಅದೇ ದಾರಿಯಲ್ಲಿ ನೀರು ಒಳಕ್ಕೆ ಬರುತ್ತದೆ.

ಇದನ್ನು ತಿಳಿಯಲು ದೊಡ್ಡ ಯಂತ್ರ ಬೇಕಾಗಿಲ್ಲ. ಗ್ರಾಮದ ಕೆಳಗಿನ ಗದ್ದೆಯ ಬದುವಿನಲ್ಲಿ ಒಂದು ಕಲ್ಲುಕಂಬವನ್ನು ಭದ್ರವಾಗಿ ನೆಟ್ಟು, ಅಡಿ ಅಡಿಗೆ ಬಣ್ಣದ ಗೆರೆಯೆಳೆದು, ಮಳೆಗಾಲದಲ್ಲಿ ಪ್ರತಿದಿನ ಬೆಳಗ್ಗೆ ನೀರಿನ ಮಟ್ಟವನ್ನೂ, ಅದೇ ದಿನ ಪತ್ರಿಕೆಯಲ್ಲಿ ಬಂದ ಜಲಾಶಯದ ಮಟ್ಟವನ್ನೂ, ಒಳಹರಿವನ್ನೂ ಒಂದು ಪುಸ್ತಕದಲ್ಲಿ ಬರೆದಿಡಿಸಬೇಕು. ಶಾಲೆಯ ದೊಡ್ಡ ಹುಡುಗರೂ ಈ ಕೆಲಸವನ್ನು ಮಾಡಬಲ್ಲರು. ಆದರೆ ನೀರಿನ ಅಂಚಿಗೆ ಅವರನ್ನು ಒಬ್ಬೊಬ್ಬರನ್ನಾಗಿ ಕಳುಹಿಸತಕ್ಕದ್ದಲ್ಲ. ಮೂರು ನಾಲ್ಕು ಮಳೆಗಾಲಗಳ ಲೆಕ್ಕವು ಕೂಡಿದರೆ, ಒಳಹರಿವು ಎಷ್ಟಾದಾಗ ಯಾವ ಗದ್ದೆಗೆ ಎಷ್ಟು ಹೊತ್ತಿನಲ್ಲಿ ನೀರು ಬರುವುದೆಂಬುದು ತಾನಾಗಿ ಗೊತ್ತಾಗುತ್ತದೆ. ಪರಿಹಾರವನ್ನು ಕೇಳುವಾಗಲೂ ಬಾಯಿಮಾತಿಗಿಂತ ಈ ಪುಸ್ತಕಕ್ಕೆ ಹೆಚ್ಚು ಬೆಲೆ.

ಬೆಳೆಯ ವಿಚಾರದಲ್ಲಿ ತೊಡಕು ಬರುವುದು ಕಾಲದ್ದು. ಕೆಳಗಿನ ಗದ್ದೆಗಳ ನಾಟಿಯೂ ಹಿನ್ನೀರಿನ ಏರಿಕೆಯೂ ಒಂದೇ ತಿಂಗಳಿನಲ್ಲಿ ಬರುತ್ತವೆ. ಹೊಸದಾಗಿ ನೆಟ್ಟ ಪೈರಿಗೆ ಬೇರು ಹಿಡಿಯುವುದಕ್ಕೆ ಮುಂಚೆ ಕೆಸರುನೀರು ತಲೆಯ ಮೇಲೆ ನಿಂತರೆ ಕೆಲವೇ ದಿನಗಳಲ್ಲಿ ಕೊಳೆಯುತ್ತದೆ. ಬಲಿತ ಪೈರು ಇದಕ್ಕಿಂತ ತಾಳುತ್ತದೆ. ತಿಳಿನೀರಾದರೆ ಇನ್ನೂ ತಾಳುತ್ತದೆ. ಆದಕಾರಣ ನೀರು ಬರುವ ಸಂಭವವುಳ್ಳ ಗದ್ದೆಗಳನ್ನು ಮೊದಲು ನೆಟ್ಟು, ಮಕ್ಕಿ ಗದ್ದೆಗಳನ್ನು ಕೊನೆಗೆ ಬಿಡುವುದು ಲೇಸು. ವಾಡಿಕೆಯು ಅನೇಕ ಕಡೆ ಇದಕ್ಕೆ ವಿರುದ್ಧವಾಗಿದೆ. ಒಟ್ಟಲುಪಾತಿಯನ್ನು ಮಾತ್ರ ಎಂದಿಗೂ ತಗ್ಗಿನಲ್ಲಿ ಮಾಡತಕ್ಕದ್ದಲ್ಲ. ಅವಶ್ಯಕ್ಕಿಂತ ಸ್ವಲ್ಪ ಹೆಚ್ಚಾಗಿ ಸಸಿಯನ್ನು ಎತ್ತರದ ಮಡಿಯಲ್ಲಿ ಬೆಳೆಸಿಟ್ಟಿದ್ದರೆ, ಮೊದಲ ನಾಟಿ ಕೊಳೆತರೂ ನೀರು ಇಳಿದ ಕೂಡಲೆ ಪುನಃ ನೆಡಬಹುದು. ರಾಜಮುಡಿಯಂತಹ ದೀರ್ಘಾವಧಿಯ ತಳಿಗಳನ್ನು ಮುಳುಗುವ ಗದ್ದೆಯಲ್ಲಿ ತಡವಾಗಿ ಮರುನಾಟಿ ಮಾಡಿದರೆ ಹೊಡೆ ಕಟ್ಟುವ ಕಾಲಕ್ಕೆ ಚಳಿ ತಗಲಿ ಜೊಳ್ಳಾಗುವ ಭಯವುಂಟು. ಎರಡು ವಾರದ ಮುಳುಗಡೆಯನ್ನು ತಾಳುವ ಸ್ವರ್ಣ-ಸಬ್ 1 ಎಂಬ ತಳಿಯು 2009ರಿಂದ ದೇಶದ ಬಯಲುಸೀಮೆಗಳಲ್ಲಿ ಬಳಕೆಗೆ ಬಂದಿದೆ. ಹೆಸರು ಕೇಳಿದ ಮಾತ್ರಕ್ಕೆ ಅದನ್ನು ತರಿಸಿ ಎಕರೆಗಟ್ಟಲೆ ನೆಡುವುದು ಅವಿವೇಕ. ಮೂರು ಸಾವಿರ ಅಡಿ ಎತ್ತರದ ತಂಪು ನಾಡಿಗೆ ಅದು ಹೊಂದುವುದೇ ಎಂಬುದನ್ನು ಮೂಡಿಗೆರೆಯ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸಿ, ಕೆಲವು ಗುಂಟೆಗಳಲ್ಲಿ ನೋಡಿ, ಬಳಿಕ ಮುಂದುವರಿಯತಕ್ಕದ್ದು.

ಬೇಸಗೆಯಲ್ಲಿ ನೀರು ಇಳಿದು ಬಯಲಾಗುವ ನೆಲದ ಆಸೆ ದೊಡ್ಡದು. ಹೊಸ ಹೂಳು, ತೇವ, ಗೊಬ್ಬರದ ಖರ್ಚಿಲ್ಲ; ಹುರುಳಿ ಚೆಲ್ಲಿದರೂ ಬರುತ್ತದೆ. ಆದರೆ ಆ ನೆಲವು ಜಲಾಶಯದ್ದು. ಪಹಣಿಯಿಲ್ಲದ ಸಾಗುವಳಿಗೆ ಬೆಳೆವಿಮೆಯಾಗಲಿ ಪರಿಹಾರವಾಗಲಿ ದೊರೆಯದು. ಅಲ್ಲಿ ಉತ್ತ ಸಡಿಲು ಮಣ್ಣೆಲ್ಲ ಮೊದಲ ಮಳೆಗೆ ಸರೋವರದೊಳಕ್ಕೇ ಹೋಗಿ ಹೂಳಾಗುತ್ತದೆ. ಮುಂಗಾರು ಪೂರ್ವದ ಮಳೆಯು ಘಟ್ಟದ ಮೇಲೆ ಬಲವಾದರೆ ಕಟಾವಿಗೆ ಬಂದ ಫಸಲನ್ನು ಎರಡು ದಿನಗಳಲ್ಲಿ ಕಳೆದುಕೊಳ್ಳಬೇಕಾಗುತ್ತದೆ. ಸಾಲ ಮಾಡಿ ಅಲ್ಲಿ ಬೆಳೆಯಿಟ್ಟವನ ಗತಿಯನ್ನು ಹೇಳಬೇಕಾಗಿಲ್ಲ. ಇನ್ನು ನೀರಿನ ಅಂಚಿಗೆ ಪಂಪುಸೆಟ್ಟುಗಳನ್ನಿಟ್ಟು ತಂತಿಯನ್ನು ನೆಲದ ಮೇಲೆಯೇ ಎಳೆದಿರುವವರು, ಏರುವ ನೀರು ತಂತಿಯನ್ನು ಮುಟ್ಟುವುದಕ್ಕೆ ಮುಂಚೆಯೇ ಅದನ್ನು ತೆಗೆಯತಕ್ಕದ್ದು. ರಾತ್ರಿಯಲ್ಲಿ ನೀರು ಏರಿರುವುದನ್ನು ಅರಿಯದೆ ಬೆಳಗ್ಗೆ ಕಾಲಿಟ್ಟವನಿಗೆ ಎಚ್ಚರಿಕೆ ಕೊಡುವವರು ಯಾರೂ ಇರುವುದಿಲ್ಲ.

ನೀರು ಏರುವಾಗಿನ ಅಪಾಯವು ಕಣ್ಣಿಗೆ ಕಾಣುತ್ತದೆ, ಇಳಿಯುವಾಗಿನದು ಕಾಣುವುದಿಲ್ಲ. ತಿಂಗಳುಗಟ್ಟಲೆ ನೆನೆದ ದಂಡೆಯ ಮಣ್ಣಿಗೆ ಮುಂದಿನ ನೀರೇ ಒತ್ತಾಸೆಯಾಗಿರುತ್ತದೆ. ಹೊರಗಿನ ನೀರು ಬೇಗ ಇಳಿದು ಮಣ್ಣಿನೊಳಗಿನ ನೀರು ಉಳಿದಾಗ, ನೆನೆದ ಮಣ್ಣುಗೋಡೆಯ ಊರುಗೋಲನ್ನು ಕಿತ್ತಂತಾಗಿ ದಂಡೆಯು ಹೋಳುಹೋಳಾಗಿ ಜಾರುತ್ತದೆ. ಕಡಿದಾದ ದಂಡೆಯ ಮೇಲೆ ಕಾಫಿ ತೋಟವೋ ಕಣವೋ ಇದ್ದಲ್ಲಿ ಇದು ಅಲ್ಪ ವಿಷಯವಲ್ಲ. ಇಟಲಿ ದೇಶದ ವಯೊಂತ್ ಎಂಬ ಕಣಿವೆಯಲ್ಲಿ, ಜಲಾಶಯದ ಮಟ್ಟವನ್ನು ಏರಿಸಿ ಇಳಿಸುತ್ತಿದ್ದ ಕಾಲದಲ್ಲಿ, 1963ರ ಅಕ್ಟೋಬರ್ 9ನೇ ತಾರೀಖಿನ ರಾತ್ರಿ ಬೆಟ್ಟದ ಮಗ್ಗುಲೇ ನೀರಿನೊಳಕ್ಕೆ ಜಾರಿತು. ಕಟ್ಟೆಯು ಒಡೆಯಲಿಲ್ಲ, ಅದರ ಮೇಲೆ ಹಾರಿ ಬಂದ ಅಲೆಯು ಕೆಳಗಿನ ಊರುಗಳಲ್ಲಿ ಸುಮಾರು ಎರಡು ಸಾವಿರ ಜನರನ್ನು ಕೊಂದಿತು. ಹೇಮಾವತಿಯ ದಂಡೆಗಳು ಅಂತಹ ಎತ್ತರದವಲ್ಲವಾದ್ದರಿಂದ ಆ ಬಗೆಯ ಭಯಕ್ಕೆ ಕಾರಣವಿಲ್ಲ. ಆದರೆ ನೀರೂ ಇಳಿಜಾರೂ ಸೇರಿದಲ್ಲಿ ನೆಲವು ಮುನ್ಸೂಚನೆ ಕೊಡುತ್ತದೆಂಬ ಮಾತು ಇಲ್ಲಿಗೂ ಸಲ್ಲುತ್ತದೆ. ಇಳಿಜಾರಿನ ನೆತ್ತಿಯಲ್ಲಿ ಅಡ್ಡಬಿರುಕು, ನೆರಳುಮರಗಳು ಒಂದೇ ಕಡೆಗೆ ವಾಲುವುದು, ತಿಳಿಯಾಗಿದ್ದ ಒರತೆ ಇದ್ದಕ್ಕಿದ್ದಂತೆ ಕದಡುವುದು, ಇವುಗಳಲ್ಲೊಂದು ಕಂಡರೂ ಕೆಳಗಿನ ಲೈನುಮನೆಗಳಲ್ಲಿರುವ ಆಳುಗಳನ್ನು ಆ ರಾತ್ರಿಯೇ ಬೇರೆಡೆಗೆ ಕಳುಹಿಸುವುದು ತೋಟದ ಯಜಮಾನನ ಹೊಣೆ. ಬಿರುಕಿಗೆ ಮಣ್ಣು ತುಂಬಿ ತುಳಿಸಿ, ಮೇಲಿನ ನೀರನ್ನು ಚರಂಡಿಯಿಂದ ಪಕ್ಕಕ್ಕೆ ತಿರುಗಿಸಬೇಕು. ತೇವ ಹಿಡಿಯಲೆಂದು ತೋಡುವ ತೊಟ್ಟಿಲುಗುಂಡಿಗಳು ಸಾಧಾರಣ ಇಳಿಜಾರಿನಲ್ಲಿ ಬಹಳ ಉಪಯುಕ್ತವಾದರೂ, ಕಡಿದಾದ ಸಡಿಲು ಮಣ್ಣಿನಲ್ಲಿ ಅವೇ ನೀರನ್ನು ಗುಡ್ಡದ ಹೊಟ್ಟೆಗೆ ಇಳಿಸಿ ಕೇಡು ಮಾಡುತ್ತವೆ.

ಹಿನ್ನೀರಿಗೆ ಮೇಲಿರುವ ಹಳೆಯ ಕೆರೆಗಳನ್ನು ಮರೆಯಬಾರದು. ಒಂದೇ ಹಳ್ಳದ ಮೇಲೆ ಮೂರು ನಾಲ್ಕು ಕೆರೆಗಳಿದ್ದಲ್ಲಿ ಮೇಲಿನದು ಒಡೆದರೆ ಕೆಳಗಿನವು ಉಳಿಯುವುದಿಲ್ಲ. ಮೀನು ಹೋಗದಿರಲೆಂದು ಕೋಡಿಗೆ ಬಲೆಯನ್ನೋ ತಡಿಕೆಯನ್ನೋ ಕಟ್ಟುವ ಚಾಳಿ ಹೆಚ್ಚಾಗಿದೆ. ಕಸವು ಸಿಕ್ಕಿಕೊಂಡು ಕೋಡಿ ಕಟ್ಟಿದರೆ ನೀರು ಏರಿಯ ಮೇಲೆಯೇ ಹರಿದು, ಮಣ್ಣಿನ ಏರಿಯು ಒಂದೆರಡು ಗಳಿಗೆಯಲ್ಲಿ ಕೊರೆದುಹೋಗುತ್ತದೆ. ಮುಖಂಡರು ಆರಿದ್ರಾ ಮಳೆಗೆ ಮುಂಚೆ ಏರಿಯ ಮೇಲೆ ಒಮ್ಮೆ ನಡೆದು, ಇಲಿ ಹೆಗ್ಗಣಗಳ ಬಿಲಗಳನ್ನೂ ಮರದ ಬೇರುಗಳನ್ನೂ ನೋಡಿಸಬೇಕು.

ದನಕರುಗಳ ವಿಷಯ ಒಂದು ಉಳಿಯಿತು. ನೀರು ಇಳಿದಂತೆ ಅಂಚಿನಲ್ಲಿ ಎಳೆಹುಲ್ಲು ಚಿಗುರಿ ಎಲ್ಲ ಮಂದೆಗಳೂ ಅಲ್ಲಿಗೇ ಇಳಿಯುತ್ತವೆ. ಕಾಡಾನೆಗಳೂ ಬರುತ್ತವೆ, ಅವು ಹಿನ್ನೀರನ್ನು ಈಜಿ ದಾಟುವುದೂ ಉಂಟಾದ್ದರಿಂದ ನೀರು ಅಡ್ಡವಿದೆಯೆಂದು ಸುಮ್ಮನಿರಲಾಗದು. ಮೇಲೆ ಒಣಗಿ ಗಟ್ಟಿಯಾದಂತೆ ಕಾಣುವ ಹೂಳಿನ ಕೆಳಗೆ ಎದೆಯುದ್ದ ಕೆಸರಿದ್ದು, ಹಸುಗಳು ಹೂತುಹೋಗುತ್ತವೆ. ಮೊಣಕಾಲುದ್ದದ ನೀರಿನಲ್ಲಿ ನಡೆಯುತ್ತಿದ್ದಂತೆಯೇ ಹಳೆಯ ಹೊಳೆಯ ಮಡು ಸಿಕ್ಕುವುದೂ ಉಂಟು. ಅಂತಹ ಸ್ಥಳಗಳಿಗೆ ಬೇಲಿಮುಳ್ಳು ಹಾಕಿಸುವುದು ಒಂದು ದಿನದ ಕೆಲಸ. ಇದಕ್ಕಿಂತಲೂ ಮೆಲ್ಲಗೆ ಕೊಲ್ಲುವುದು ಈಲಿಯನ್ನು ಸೇರುವ ಎಲೆಯಾಕಾರದ ಚಪ್ಪಟೆ ಹುಳು. ಸಗಣಿಯಲ್ಲಿ ಬಿದ್ದ ಇದರ ಮೊಟ್ಟೆ ನೀರಿನಲ್ಲಿ ಒಡೆದು, ಮರಿಯು ಸಣ್ಣ ಬಸವನಹುಳುವಿನೊಳಗೆ ಬೆಳೆದು, ಬಳಿಕ ಅಂಚಿನ ಹುಲ್ಲಿಗೆ ಅಂಟಿಕೊಂಡು ಮೇಯುವ ದನದ ಹೊಟ್ಟೆಯನ್ನು ಸೇರುತ್ತದೆ. ದನವು ಬಡಕಲಾಗಿ, ಹಾಲು ಕುಗ್ಗಿ, ಗಲ್ಲದ ಕೆಳಗೆ ನೀರು ತುಂಬಿದಂತೆ ಊದಿಕೊಂಡರೆ ಈ ರೋಗವೆಂದು ಸಂಶಯಪಡಬೇಕು. ನೀರಿನಂಚಿನ ಹುಲ್ಲನ್ನು ಕೊಯ್ದು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ ಹಾಕಿದರೆ ಅಪಾಯವು ಬಹಳ ಕಡಿಮೆ. ಒಂದು ಮನೆಯ ದನಕ್ಕೆ ಮಾತ್ರ ಔಷಧ ಕುಡಿಸಿ ಉಳಿದವರು ಸುಮ್ಮನಿದ್ದರೆ ಪ್ರಯೋಜನವಿಲ್ಲ; ಮಳೆಗಾಲ ಕಳೆದೊಡನೆ ಇಡೀ ಗ್ರಾಮದ ಮಂದೆಗೆ ಒಂದೇ ವಾರದಲ್ಲಿ ಔಷಧ ಕೊಡಿಸುವಂತೆ ಹತ್ತಿರದ ಪಶುವೈದ್ಯಶಾಲೆಯವರೊಡನೆ ಮುಂಚಿತವಾಗಿ ದಿನವನ್ನು ಗೊತ್ತುಮಾಡಿಕೊಳ್ಳತಕ್ಕದ್ದು.