ಒಂದೇ ಜಿಲ್ಲೆ, ಹೋಬಳಿಗೊಂದು ಮಳೆಗಾಲ

ಜುಲೈನಲ್ಲಿ ಮಳೆ ಜೋರಾದರೆ ಚಿಕ್ಕಮಗಳೂರು ಜಿಲ್ಲಾಡಳಿತದಿಂದ ರಜೆಯ ಆದೇಶ ಹೊರಡುತ್ತದೆ. ಮೂಡಿಗೆರೆ, ಕಳಸ, ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಶಾಲೆಗಳಿಗೆ ರಜೆ. ಚಿಕ್ಕಮಗಳೂರು ತಾಲ್ಲೂಕಿನಲ್ಲಾದರೆ ಆಲ್ದೂರು, ವಸ್ತಾರೆ, ಖಾಂಡ್ಯ, ಜಾಗರದಂಥ ಹೋಬಳಿಗಳಿಗೆ ಮಾತ್ರ. ಕಡೂರಿನ ಮಕ್ಕಳು ಎಂದಿನಂತೆ ಚೀಲ ಹೊತ್ತು ಹೊರಡಬೇಕು. ಜಿಲ್ಲೆ ಒಂದೇ ಆದಮೇಲೆ ರಜೆ ಏಕೆ ಬೇರೆಬೇರೆ ಎಂದು ಪೋಷಕರು ಕೇಳುವುದುಂಟು. ಉತ್ತರ ಬೆಟ್ಟಗಳಲ್ಲಿದೆ.

ಅರಬ್ಬಿ ಸಮುದ್ರದಿಂದ ಬರುವ ತೇವದ ಗಾಳಿಗೆ ಮೊದಲು ಅಡ್ಡ ನಿಲ್ಲುವುದು 1,894 ಮೀಟರ್ ಎತ್ತರದ ಕುದುರೆಮುಖದ ಸಾಲು. ಗಾಳಿ ಮೇಲೇರಲೇಬೇಕು. ಏರಿದಷ್ಟೂ ತಣ್ಣಗಾಗುತ್ತದೆ, ಆವಿ ಹನಿಗಟ್ಟುತ್ತದೆ, ಮಳೆ ಸುರಿಯುತ್ತದೆ. ಭದ್ರೆಯ ಕಣಿವೆ ದಾಟುತ್ತಲೇ ಲಾಳದಾಕಾರದ ಬಾಬಾಬುಡನ್ ಗಿರಿಶ್ರೇಣಿ ಎರಡನೇ ಗೋಡೆಯಾಗಿ ಎದುರಾಗುತ್ತದೆ. ರಾಜ್ಯದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ ಇರುವುದು ಇಲ್ಲೇ.

ಮಂಗಳೂರಿನಿಂದ ಚಾರ್ಮಾಡಿ ಘಾಟಿ ಹತ್ತಿ ಕಡೂರಿಗೆ ಹೋಗುವ ಬಸ್ಸನ್ನು ನೆನೆಯಿರಿ. ಕಾಲಿಡಲು ಜಾಗವಿಲ್ಲದಂತೆ ಹೊರಟ ಬಸ್ಸಿನಿಂದ ಕೊಟ್ಟಿಗೆಹಾರದಲ್ಲೇ ಬಹುಪಾಲು ಜನ ಇಳಿದುಬಿಡುತ್ತಾರೆ, ಮೂಡಿಗೆರೆಯಲ್ಲಿ ಮತ್ತಷ್ಟು, ಚಿಕ್ಕಮಗಳೂರಿನಲ್ಲಿ ಇನ್ನಷ್ಟು. ಕಡೂರು ಮುಟ್ಟುವಾಗ ಸೀಟುಗಳೆಲ್ಲ ಖಾಲಿ. ಮುಂಗಾರಿನ ಆವಿಯೂ ಹಾಗೆಯೇ ದಾರಿಯುದ್ದಕ್ಕೂ ಇಳಿಯುತ್ತದೆ. ಆದರೆ ಹೋಲಿಕೆ ಇಲ್ಲಿಗೆ ಸಾಲದು. ಗಿರಿ ದಾಟಿದ ಗಾಳಿ ಬಯಲಿಗೆ ಇಳಿಯುತ್ತ ಬಿಸಿಯೇರುತ್ತದೆ, ಉಳಿದ ಮೋಡವೂ ಕರಗುತ್ತದೆ. ಹೀಗಾಗಿಯೇ ಶೃಂಗೇರಿಯಲ್ಲಿ ವರ್ಷಕ್ಕೆ 3,000 ಮಿ.ಮೀ. ಮೀರುವ ಮಳೆ ಕಡೂರಿನಲ್ಲಿ 600 ಮಿ.ಮೀ. ಆಸುಪಾಸಿಗೆ ಇಳಿಯುತ್ತದೆ. ಕಡೂರು ಬಯಲು ಹಿಂಗಾರನ್ನೂ ಗುಡುಗಿನ ಮಳೆಯನ್ನೂ ನೆಚ್ಚಿಕೊಂಡಿರುವುದು ಇದೇ ಕಾರಣಕ್ಕೆ.

ಆಡಳಿತದ ಗಡಿಗಳಿಗೆ ಬೇರೆಯದೇ ಚರಿತ್ರೆಯಿದೆ. ಸ್ವಾತಂತ್ರ್ಯ ಬರುವವರೆಗೂ ಈ ಜಿಲ್ಲೆಯ ಹೆಸರು ಕಡೂರು ಎಂದೇ ಇತ್ತು; ಜಿಲ್ಲಾ ಕೇಂದ್ರ ಮಾತ್ರ 19ನೇ ಶತಮಾನದಲ್ಲೇ ಚಿಕ್ಕಮಗಳೂರಿಗೆ ಬಂದಿತ್ತು. ಮೂಡಿಗೆರೆ ತಾಲ್ಲೂಕಿನ ಹೋಬಳಿಯಾಗಿದ್ದ ಕಳಸವನ್ನು ಹೊಸ ತಾಲ್ಲೂಕು ಮಾಡುವುದಾಗಿ ಸರ್ಕಾರ ಘೋಷಿಸಿದ್ದು 2019ರ ಬಜೆಟ್‌ನಲ್ಲಿ. ಭದ್ರೆ ಉಕ್ಕಿದಾಗಲೆಲ್ಲ ಹೆಬ್ಬಾಳೆ ಸೇತುವೆ ಮುಳುಗಿ ಹೊರನಾಡಿನ ದಾರಿ ಕಡಿದುಹೋಗುವ ಸೀಮೆಗೆ ತಹಶೀಲ್ದಾರರು ಹತ್ತಿರದಲ್ಲಿರುವುದು ಸಣ್ಣ ಸಂಗತಿಯಲ್ಲ. ಆ ಅಗತ್ಯವನ್ನು ನೆನಪಿಸುವಂತೆ ಅದೇ 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಆಲೇಖಾನ್ ಹೊರಟ್ಟಿಗಳಲ್ಲಿ ಗುಡ್ಡ ಜರಿಯಿತು.

ನೀರಂತೂ ತಾಲ್ಲೂಕಿನ ಗೆರೆಯನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಮೂಡಿಗೆರೆ ಭಾಗದಲ್ಲಿ ಹುಟ್ಟುವ ಹೇಮಾವತಿ ಕಾವೇರಿಗೆ ಸೇರುತ್ತದೆ. ಕಳಸದ ಮೇಲೆ ಬಿದ್ದ ಮಳೆ ಭದ್ರೆಯಲ್ಲಿ ಹರಿದು ಕೃಷ್ಣೆಯತ್ತ ಹೋಗುತ್ತದೆ. ಘಾಟಿಯ ಪಡುವಣ ಮಗ್ಗುಲಿನದು ನೇತ್ರಾವತಿಯ ಪಾಲು. ಬಾಬಾಬುಡನ್ ಗಿರಿಯ ಮೂಡಣ ಇಳಿಜಾರಿನ ಹಳ್ಳಗಳು ಸಖರಾಯಪಟ್ಟಣದ ಅಯ್ಯನಕೆರೆಯನ್ನು ತುಂಬಿಸುತ್ತವೆ. ಆ ಸೀಮೆಯಲ್ಲಿ ಹನಿ ಬೀಳದಿದ್ದರೂ ಕೆರೆ ಕೋಡಿ ಬೀಳಬಹುದು.

ಇಂಥ ನೆಲದಲ್ಲಿ ಜಿಲ್ಲಾ ಸರಾಸರಿ ಮಳೆ ಎಂಬ ಅಂಕಿಯಿಂದ ಯಾರಿಗೂ ಉಪಯೋಗವಿಲ್ಲ. 1988ರಲ್ಲಿ ಬರ ಉಸ್ತುವಾರಿ ಕೋಶವಾಗಿ ಶುರುವಾದ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಈಗ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಮಳೆಮಾಪಕ ಇಟ್ಟಿರುವುದು ನಿಜಕ್ಕೂ ದೊಡ್ಡ ಕೆಲಸ. ಅದಕ್ಕೂ ಹಿಂದಿನಿಂದ ಮಳೆ ಅಳೆದವರು ಕಾಫಿ ಬೆಳೆಗಾರರು. ಬೆಳಿಗ್ಗೆ ಮಾಪಕದ ನೀರನ್ನು ಗಾಜಿನ ಅಳತೆಪಾತ್ರೆಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ‘2 ಇಂಚು 35 ಸೆಂಟ್’ ಎಂದು ಪುಸ್ತಕದಲ್ಲಿ ಬರೆಯುತ್ತಾರೆ. ನೂರು ಸೆಂಟ್‌ಗೆ ಒಂದು ಇಂಚು, ಅಂದರೆ 25.4 ಮಿ.ಮೀ. ಹೂಮಳೆ ಯಾವತ್ತು ಎಷ್ಟು ಬಿತ್ತೆಂಬುದರ ಮೇಲೆ ಆ ವರ್ಷದ ಫಸಲು ನಿಂತಿರುವುದರಿಂದ ಈ ಲೆಕ್ಕದಲ್ಲಿ ಅವರು ಉದಾಸೀನ ಮಾಡುವುದಿಲ್ಲ.

ಈ ಪುಸ್ತಕಗಳು ಗೆದ್ದಲು ಹಿಡಿಯುವ ಮುನ್ನ ತೋಟದ ಮಾಲೀಕರು ಅವುಗಳ ಪ್ರತಿ ತೆಗೆಸಿ, 1925ರಿಂದ ಕೆಲಸ ಮಾಡುತ್ತಿರುವ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರಕ್ಕೋ ಜಿಲ್ಲಾಡಳಿತಕ್ಕೋ ಒಪ್ಪಿಸಬೇಕು. ವಾಟ್ಸ್‌ಆ್ಯಪ್‌ನಲ್ಲಿ ಮಳೆ ಲೆಕ್ಕ ಹಾಕುವವರು ಬರೀ ‘ಮೂಡಿಗೆರೆ 4 ಇಂಚು’ ಎನ್ನದೆ ಬಣಕಲ್, ಗೋಣಿಬೀಡು ಎಂದು ಹೋಬಳಿಯ ಹೆಸರನ್ನೂ ಊರಿನ ಹೆಸರನ್ನೂ ಸೇರಿಸಿ ಬರೆಯಲಿ.